ಕಂಬಳಿ ಬೂಟಿನ ತೋಳ

...ಅಯ್ಯೋ, ಅಷ್ಟರಲ್ಲೇ ಕೈ ಒರೆಸ್ಕೊಂಡ್ರಾ ಮೇಷ್ಟ್ರೇ? ದೊಡ್ಡ ಅತಿಥಿ ಪಾಲು ಅಂತ ಕುರಿತಲೆ ನಿಮ್ಮ ಮುಂದೆ ಇಟ್ಟಿರೋದು ನೋಡ್ಕೊಂಡು ಕೂರೋಕಾ? ಹಾಕಿ ಚಾಕು! ಕಿವಿ ಮಾತ್ರ ಕುಯ್ದು ಪಕ್ಕಕ್ಕಿಡಿ, ಅದು ಚಿಕ್ಕವರ ಪಾಲು, ನಿಮ್ಮ ಕಾಲೇಜಿನ ಹುಡುಗಿ, ನಮ್ಮ ಬೆರ್ಮೆತ್‌ದು. ಬರ್ತಾಳೆ, ಬರ್ತಾಳೆ... ಹೊರಗೆ ದೊಡ್ಡಿ ಹತ್ರ ನಿಂತಿದಾಳೆ. ಅಳ್ತಿರಬೇಕು. ಇನ್ನೇನು ಮಾಡ್ತಾಳೆ ಪಾಪ? ಕಾರಿಂದ ಇಳೀತಿದ್ದ ಹಾಗೇ "ನಿನ್ನ ದೊಡ್ಡಿ ಸೋತಿದೆ, ಈ ಸೆಮಿಸ್ಟರ್ ಪಾಸು ಮಾಡೋಕಾಗಲ್ಲ" ಅಂದುಬಿಟ್ರಿ. ಹೊಟ್ಟೆಗೆ ಬಿಸಿ ಬೀಳೋಕೆ ಮುಂಚೆ ಅಂಥ ಮಾತು ಆಡ್ತಾರಾ ಯಾರಾದ್ರೂ?

ಸರಿಯಾಗಿ ಕೂತ್ಕೊಳ್ಳಿ, ಸಂಕೋಚ ಬೇಡ. ಚರ್ಮದ ಮೇಲೆ ಚರ್ಮ ಹಾಸಿ ಕೂರಿಸಿದೀನಿ ನಿಮ್ಮನ್ನ. ಹಿಂದಿನ ಕಾಲದ ಖಾನ್‌ಗೂ ಇಷ್ಟು ಮೆತ್ತಗಿನ ಆಸನ ಇರ್ಲಿಲ್ಲ! ನಮ್ಮ ನಾರಿನ್ ಸೀಮೆಯಲ್ಲಿ ಈ ಬೈಶೆನ್ ಮುದುಕನ ಹಾಗೆ ಅತಿಥಿಯನ್ನ ನೋಡ್ಕೊಳ್ಳೋನು ಇನ್ನೊಬ್ಬ ಇದ್ರೆ ಕರ್ಕೊಂಡ್ಬನ್ನಿ, ಈ ಮೀಸೆ ಬೋಳಿಸ್ತೀನಿ.

ಹುಡುಗಿ ವಿಷ್ಯಕ್ಕೆ ಬರ್ತೀನಿ. ಕಾಲೇಜಿನ ಬಾಗಿಲು ಯಾವ ಕಡೆಗಿದೆ ಅಂತ್ಲೂ ಗೊತ್ತಿಲ್ಲದ ನನ್ನನ್ನ ಅವಳಿಗೆ ಊರಿನ ಮಾರ್ಗದರ್ಶಕ ಅಂತ ಮಾಡಿದ್ರಿ. ಪಟ್ಟಣದಿಂದ ಮಾರ್ಗದರ್ಶಕರು ನೀವು. ನಿಮಗೂ ಮೇಲೆ ಇನ್ನೊಬ್ಬ ಮಾರ್ಗದರ್ಶಕ. ಅಬ್ಬಬ್ಬಾ! ಒಂದು ಕುರಿಮರಿಗೆ ಮೂರು ನಾಯಿ ಕಾವಲು! ಆದ್ರೆ ದುಡಿದವಳು ಯಾರು? ಅವಳೇ. ಬಿಷ್ಕೆಕ್ ಪಟ್ಟಣದಿಂದ ಬಂದಾಗ ಕುರಿಗೂ ಟಗರಿಗೂ ವ್ಯತ್ಯಾಸ ಗೊತ್ತಿರ್ಲಿಲ್ಲ. "ತಾತ, ತೋಳದ ಕಾಟ ತಪ್ಪಿಸೋದೇ ನನ್ನ ಇಂಟರ್ನ್‌ಶಿಪ್ಪು" ಅಂದ್ಲು. ನಾನು ನಕ್ಕೆ. ಆಮೇಲೆ ನೋಡ್ತೀನಿ, ಅಂಗೈ ತುಂಬಾ ಬೊಬ್ಬೆ! ಕಲ್ಲು ಹೊತ್ಲು, ಗೋಡೆ ಎತ್ತರ ಮಾಡಿದ್ಲು, ಮೇಲೆ ತಂತಿ ಬಲೆ ಮುಚ್ಚಿದ್ಲು, ಕಬ್ಬಿಣದ ಬಾಗಿಲು ಹಾಕಿಸಿದ್ಲು. ಒಂದೊಂದು ಕುರಿಯ ಬೆನ್ನಿಗೂ ನೀಲಿ ಬಣ್ಣದಲ್ಲಿ ನಕ್ಷತ್ರ ಬರೆದ್ಲು, ಎಣಿಸೋಕೆ ಸುಲಭ ಅಂತ. ಬೆಳಗ್ಗೆ ಎದ್ದ ತಕ್ಷಣ ಎಣಿಸ್ತಾಳೆ. ಮುಖ ಕೂಡ ತೊಳೆಯಲ್ಲ, ಮೊದ್ಲು ಎಣಿಸ್ತಾಳೆ.

ಏನಂದ್ರಿ? ಅಷ್ಟೆಲ್ಲಾ ಮಾಡಿದ್ಮೇಲೂ ಕುರಿ ಯಾಕೆ ಕಡಿಮೆ ಆಗ್ತಾ ಬಂತು?

ಹೂಂ... ತೋಳ ಮೇಷ್ಟ್ರೇ. ತೋಳಾನೇ. ಇದು ಅಂಥಿಂಥಾ ತೋಳ ಅಲ್ಲ. ಚಿಕ್ಕಂದಿನಲ್ಲಿ ನಾನು ಒಂದು ತೋಳದ ಬಾಲ ಹಿಡ್ಕೊಂಡು ಮೂರು ಬೆಟ್ಟ ದಾಟಿದೋನು! ಕೊನೆಗೆ ಅದೇ ಸುಸ್ತಾಗಿ ಕೂತ್ಕೊಂಡು, "ಬಿಟ್ಬಿಡು ಬೈಶೆನ್" ಅನ್ನೋ ಹಾಗೆ ನೋಡ್ತು. ಅಂಥ ನಾನೇ ಹೇಳ್ತಿದೀನಿ, ಇಂಥ ಬುದ್ಧಿವಂತ ತೋಳ ನೋಡೇ ಇಲ್ಲ. ಹಲ್ಲಲ್ಲಿ ಚಿಲಕ ತೆಗೀತದೆ. ಕುರಿ ಎಳ್ಕೊಂಡು ಹೋಗಿ, ವಾಪಸ್ ಬಂದು ಚಿಲಕ ಹಾಕ್ತದೆ. ಮರ್ಯಾದಸ್ಥ ತೋಳ.

ಯಾಕೆ ನಗ್ತೀರಿ? ನಗಬೇಡಿ, ರೊಟ್ಟಿ ಮುಟ್ಟಿ ಆಣೆ ಮಾಡಿ ಹೇಳ್ತೀನಿ... ಬೇಡ, ರೊಟ್ಟಿ ಅಲ್ಲಿರಲಿ. ಮಾತಿಗೆ ಹೇಳಿದೆ.

ಹೆಜ್ಜೆ ಗುರುತಾ? ಅದನ್ನೇ ಅವಳೂ ಕೇಳಿದ್ಲು. "ತಾತ, ಹಿಮದ ಮೇಲೆ ನಿಮ್ಮ ಬೂಟಿನ ಗುರುತು ಬಿಟ್ರೆ ಇನ್ನೇನೂ ಇಲ್ವಲ್ಲ?" ಅಂತ. ಏನು ಹೇಳೋದು? ಜಗಲಿ ಮೇಲೆ ನನ್ನ ಕಂಬಳಿ ಬೂಟು ಬಿಟ್ಟಿರ್ತೀನಿ, ತೋಳ ಅದನ್ನ ಹಾಕ್ಕೊಂಡು ಹೋಗ್ತದೆ ಅಂದೆ. ಹಹ್ಹಾ! ನೀವು ನಕ್ಕ ಹಾಗೇ ಅವಳೂ ನಕ್ಕಳು. ನಕ್ಕು ನಕ್ಕು... ಆಮೇಲೆ ಕಣ್ಣು ಒರೆಸ್ಕೊಂಡ್ಲು. ಒಳಗೆ ಹೋಗಿ ನಿಮಗೆ ಫೋನ್ ಮಾಡಿ, "ನನ್ನ ದೊಡ್ಡಿಯಲ್ಲೇ ಏನೋ ತಪ್ಪಿದೆ ಸರ್" ಅಂದ್ಲಂತೆ. ನಂಬಿಬಿಡ್ತಾಳೆ ಮೇಷ್ಟ್ರೇ, ಅದೇ ತೊಂದರೆ! ಊರೋರೆಲ್ಲಾ ನನ್ನನ್ನ ಬುರುಡೆ ಬೈಶೆನ್ ಅಂತಾರೆ. ಹೊಟ್ಟೆಕಿಚ್ಚು. ಅವಳೊಬ್ಬಳು ನನ್ನ ಮಾತು ನಂಬೋಳು.

ಯಾವತ್ಯಾವತ್ತು ಬಂತು ಅಂದ್ರೆ... ಮೊದಲ್ನೇ ಸಲ, ನೀವು ಊರು ನೋಡೋಕೆ ಬಂದ್ರಲ್ಲ, ಅದರ ಹಿಂದಿನ ರಾತ್ರಿ. ಆಮೇಲೆ ನಿಮ್ಮ ಮೇಲಿನ ಆ ದಪ್ಪನೆ ಸಾಹೇಬರು ಬಂದಾಗ. ಒಳ್ಳೇ ಮನುಷ್ಯರು, ಬಾಲದ ಕೊಬ್ಬು ಅಂದ್ರೆ ಪ್ರಾಣ! ಆಮೇಲೆ ಫೋಟೋದವರು ಬಂದಾಗ. ಊರಿಗೆ ಎಷ್ಟು ಒಳ್ಳೇದಾಗಿದೆ ಅಂತ ಅಳೆಯೋ ಮೇಡಮ್ಮು ಬಂದಾಗ. ಆಮೇಲೆ ಬೇರೆ ಊರಿನ ಇಂಟರ್ನ್ ಹುಡುಗರು ಬಸ್ಸಲ್ಲಿ ಬಂದ್ರಲ್ಲ, ಅನುಭವ ಹಂಚ್ಕೊಳ್ಳೋಕೆ... ಅವತ್ತು ತೋಳ ಎರಡು ಹೊಡೀತು.

ಯಾಕೆ ಹಾಗೆ ನೋಡ್ತೀರಿ?

ಛೆ ಛೆ, ಅದಕ್ಕೂ ಇದಕ್ಕೂ ಏನು ಸಂಬಂಧ? ಪಟ್ಟಣದ ಕಾರಿನ ಸದ್ದು ಕೇಳಿದ್ರೆ ತೋಳಕ್ಕೆ ಹಸಿವಾಗ್ತದೆ ಅಷ್ಟೇ! ನಿಮಗೆ ಹಾಕಿದ ಮಾಂಸ ಬೇರೆ. ಅದು ಆಚೆ ಕಣಿವೆಯಲ್ಲಿ ನಮ್ಮ ದಾಯಾದಿ ಸಾತಿಬಾಲ್ಡಿ ಇದಾನಲ್ಲ, ಅವನು ಕಳಿಸೋದು. ಪ್ರತಿ ಸಲ ಕಳಿಸ್ತಾನೆ. ನೀವು ಬರೋದು ಅವನಿಗೆ ಹೇಗೆ ಗೊತ್ತಾಗುತ್ತೆ ಅಂದ್ರೆ... ಗೊತ್ತಾಗುತ್ತೆ ಅವನಿಗೆ! ಹುಡುಗಿ ಮೊದಲ ದಿನವೇ ಕೈ ಹಿಡ್ಕೊಂಡು ಹೇಳಿದ್ಲು, "ತಾತ, ನಮ್ಮವರು ಬಂದಾಗ ಏನೂ ಕುಯ್ಯಬೇಡಿ, ಅದು ನಮ್ಮ ನಿಯಮ. ಚಹಾ ರೊಟ್ಟಿ ಸಾಕು." ಆಯ್ತಮ್ಮಾ ಅಂದೆ. ಅಂದೆ. ಆದ್ರೆ ನೀವೇ ಹೇಳಿ, ಅಷ್ಟು ದೂರದಿಂದ ದೊಡ್ಡ ಮನುಷ್ಯರು ಬಂದು ಬೈಶೆನ್ ಮನೇಲಿ ಒಣರೊಟ್ಟಿ ಕಡೀತಾರಾ? ಊರು ಏನನ್ನುತ್ತೆ? ನನ್ನಪ್ಪ ಗೋರಿಯಿಂದ ಎದ್ದು ಬಂದು ಉಗೀತಾನೆ! ನಾನು ಹೇಳ್ತಿರೋದು ಸುಮ್ಮನೆ... ಒಂದು ಮಾತಿಗೆ.

ಏನು ಹುಡುಕ್ತಿದೀರಿ? ಚಾಕುವಾ? ಕೈಯಲ್ಲೇ ಇದ್ಯಲ್ಲ. ಚರ್ಮ ಎತ್ತಬೇಡಿ ಮೇಷ್ಟ್ರೇ, ಕೆಳಗೆ ನೆಲ ತಣ್ಣಗಿದೆ, ಶೀತ ಆಗುತ್ತೆ... ಏನಿಲ್ಲ ಅಲ್ಲಿ. ಹಳೇ ಚರ್ಮ. ನಮ್ಮಪ್ಪನ ಕಾಲದ್ದು.

ನೀಲಿ? ಎಲ್ಲಿ ನೀಲಿ?

ಓ... ಅದು ನಕ್ಷತ್ರ ಅಲ್ಲ. ಕಲೆ. ಹಣ್ಣಿನ ಕಲೆ. ನಮ್ಮ ಮುದುಕಿ ಜಾಮು ಚೆಲ್ಲಿರಬೇಕು. ಇನ್ನೊಂದರ ಮೇಲೂ ಅಷ್ಟೇ, ಅವಳಿಗೆ ಕೈ ನಡುಕ... ಅದರ ಕೆಳಗಿನದ್ದು... ತೋಳ ಬಹಳ ಅಚ್ಚುಕಟ್ಟು ಮೇಷ್ಟ್ರೇ. ತಿಂದು, ಚರ್ಮ ಸುಲಿದು, ಉಪ್ಪು ಸವರಿ, ಮಡಿಸಿ, ಬಾಗಿಲ ಮುಂದೆ...

ನಗಿ ಮೇಷ್ಟ್ರೇ. ಬೂಟಿನ ಮಾತಿಗೆ ನಕ್ರಲ್ಲ, ಈಗ್ಯಾಕೆ ನಗ್ತಿಲ್ಲ?

ಚಾಕು ಯಾಕೆ ಕೆಳಗಿಟ್ರಿ?

ಹಾಗೆ ನೋಡಬೇಡಿ. ಬಯ್ಯೋದಾದ್ರೆ ಬಯ್ದುಬಿಡಿ. ಅತಿಥಿ ಮುಖ ನೋಡ್ಕೊಂಡು, ನನ್ನ ಮಂದೆ ತಿಂದವರು ನೀವೇ ಅಂತ ಹೇಳೋದು ಹೇಗೆ? ಈ ನಾಲಿಗೆಗೆ ಎಲ್ಲಾ ಬರುತ್ತೆ, ಅದೊಂದು ಮಾತು ಬರಲ್ಲ...

ಮುದುಕಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದಾಳೆ. ನಿಮ್ಮ ಹಾಗೇ. ಹೊರಗೆ ಆ ಮಗು ತಂತಿಯ ಒಂದೊಂದು ಕಣ್ಣಿಗೂ ಬೆರಳು ಹಾಕಿ ಎಲ್ಲಿ ತೂತಿದೆ ಅಂತ ಹುಡುಕ್ತಿದೆ. ಕಿಟಕಿಯಿಂದ ಕಾಣುತ್ತೆ, ನೋಡಿ. ಈ ಚಳಿಯಲ್ಲಿ, ಕೈಗವಸೂ ಇಲ್ಲದೆ...

ಬೆರ್ಮೆತ್! ಏ ಬೆರ್ಮೆತ್! ಸಾಕು ಬಾರೇ ಮಗಳೇ ಒಳಗೆ! ನಿನ್ನ ದೊಡ್ಡಿಯಲ್ಲಿ ತೂತಿಲ್ಲ. ಅದು ಗಟ್ಟಿಯಾಗೇ ಇದೆ. ತೋಳ ಆ ಕಡೆ ತಲೆ ಹಾಕೇ ಇಲ್ಲ. ಅದು ಕಾರಲ್ಲಿ ಬಂದು, ನಾನು ಕೈ ಮುಗಿದು ತೆಗೆದ ಬಾಗಿಲಿಂದ ಒಳಗೆ ಬಂದು, ಇಲ್ಲಿ ಕೂತಿದೆ... ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಕಂಬಳಿ ಬೂಟು ಹಾಕ್ಕೊಂಡಿದ್ದು ನಾನು. ಅವಳು ಬಂದ ಮೇಲೆ, ದೊಡ್ಡಿ ಸೋತಿಲ್ಲ ಅಂತ ಅವಳಿಗೆ ನೀವೇ ಹೇಳಿ. ಇಷ್ಟಾದ ಮೇಲೆ ನಾನು ಹೇಳಿದ್ರೆ ಇದೂ ಬುರುಡೆ ಅಂತಾಳೆ.

ಕಿವಿ ಎತ್ತಿಟ್ಟಿದೀರಾ? ಹಾಂ, ಅವಳಿಗೇ ಕೊಡಿ.

ಏ ಮುದುಕಿ, ಮುಂದಿನ ವಾರ ಮತ್ತೆ ಆ ದಪ್ಪನೆ ಸಾಹೇಬರು ಬರ್ತಾರಂತೆ. ಈಗ್ಲೇ ಹೇಳಿರ್ತೀನಿ, ಊರು ಏನು ಬೇಕಾದ್ರೂ ಅಂದ್ಕೊಳ್ಳಲಿ, ಮರೀಬೇಡ.

ಚಹಾ. ಬರೀ ಚಹಾ.