ಮಧ್ಯಾಹ್ನದ ನಿದ್ದೆಯ ಬಗ್ಗೆ ಬಂದ ಕಾಗದ

ಎಲ್ಲರೂ ಜೋಜೋ ಆಂಟಿ ಎಂದು ಕರೆಯುವ ನಾನು, ವಯಸ್ಸು 47 ವರ್ಷ, ಉದ್ಯೋಗ: ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವುದು, ವಾಸ: ಹಿಟ್ಟಿನ ಗಿರಣಿಯ ಎದುರು ಮನೆ, ಕೆಳಭಾಗ, ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಮನೆಯ ಮೇಲ್ಭಾಗದಲ್ಲಿ ನನ್ನ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ, ವಾಸವಿದ್ದಾಳೆ. ಮಕ್ಕಳು ಮಲಗುವ ಕೋಣೆಯನ್ನು ತನ್ನ ಬ್ಯೂಟಿ ಪಾರ್ಲರಿಗೆ ಬಿಟ್ಟುಕೊಡಬೇಕೆಂದು ಒಂದು ವರ್ಷದಿಂದ ಜಗಳ. ಜಪ್ಪಯ್ಯ ಅಂದರೂ ನಾನು ಕೋಣೆ ಬಿಟ್ಟುಕೊಡಲಿಲ್ಲ. ಗಂಡ ತೀರಿಕೊಂಡ ಮೇಲೆ ನನಗೆ ಅನ್ನ ಹಾಕುತ್ತಿರುವುದು ಆ ಕೋಣೆಯೇ.

ಇದೇ ಸೋಮವಾರ ಬೆಳಿಗ್ಗೆ 8-30ಕ್ಕೆ, ನಮ್ಮಲ್ಲಿಗೆ ಬರುವ ಒಂದೂವರೆ ವರ್ಷದ ಮಗುವಿನ ತಾಯಿ, ನರ್ಸಮ್ಮ, ಮಗುವಿಲ್ಲದೆ ಬಂದರು. ಬಾಗಿಲಲ್ಲೇ ನಿಂತು, ಅವರಿಗೆ ಅಂಚೆಯಲ್ಲಿ ಬಂದಿದ್ದ ಕಾಗದ ಕೊಟ್ಟರು. ಸಹಿ ಇರಲಿಲ್ಲ. "ಒಂಬತ್ತು ಮಕ್ಕಳು ಒಟ್ಟಿಗೆ ಹೇಗೆ ಮಲಗುತ್ತವೆ, ನೀವೇ ಯೋಚಿಸಿ. ಆಂಟಿ ಹಾಲಿಗೆ ನಿದ್ದೆ ಔಷಧಿ ಬೆರೆಸುತ್ತಾಳೆ, ನಿಮ್ಮ ಗೂಬೆಮರಿಗಂತೂ ಎರಡು ಪಟ್ಟು" ಎಂದು ಬರೆದಿತ್ತು. ಮಕ್ಕಳನ್ನು ಮಲಗಿಸುವುದರಲ್ಲಿ ಆಂಟಿ ಎತ್ತಿದ ಕೈ ಎಂದು ಹೋದಲ್ಲೆಲ್ಲ ಹೊಗಳಿದವರೇ ಆ ನರ್ಸಮ್ಮ. ಈಗ ನನ್ನ ಮುಖ ನೋಡದೆ, ಮಗುವಿನ ರಕ್ತವನ್ನು ಪರೀಕ್ಷೆಗೆ ಕೊಟ್ಟಿರುವುದಾಗಿ ಹೇಳಿದರು.

ಗೂಬೆಮರಿ ಎಂಬುದು ಆ ಮಗುವಿಗೆ ನಾನಿಟ್ಟ ಹೆಸರು. ಉಳಿದವೆಲ್ಲ ಮಲಗಿದರೂ ಅದೊಂದು ಕಣ್ಣು ಪಿಳಿಪಿಳಿ ಬಿಡುತ್ತಿರುತ್ತದೆ. ತಾಯಿಗೆ ಬೇಜಾರಾದೀತೆಂದು ಅವರೆದುರು ಎಂದೂ ಹಾಗೆ ಕರೆದಿಲ್ಲ. ಮನೆಯೊಳಗೆ ಓಡಾಡುವ ವಾರಗಿತ್ತಿಗೆ ಮಾತ್ರ ಗೊತ್ತು.

ಕೂಡಲೇ ಮೇಲೆ ಹೋಗಿ ಕೇಳಿದೆ. ಆಕೆ ತಲೆ ಬಾಚಿಕೊಳ್ಳುತ್ತಲೇ, "ಹೂಂ ಅಕ್ಕ, ನಾನೇ ಬರ್ದೆ. ಅವ್ರೊಬ್ರಿಗೆ ತಾನೇ ಬರ್ದಿದ್ದು, ಬೀದೀಲಿ ಡಂಗೂರ ಹೊಡೆದ್ನಾ? ಸುಳ್ಳಾದ್ರೆ ನಿಮಗ್ಯಾಕೆ ಭಯ?" ಎಂದಳು.

ರಕ್ತದಲ್ಲಿ ಏನೂ ಸಿಗಲಿಲ್ಲವೆಂದು ಬುಧವಾರ ನರ್ಸಮ್ಮ ಫೋನಿನಲ್ಲಿ ತಿಳಿಸಿದರು. ಆದರೂ ಮಗುವನ್ನು ಕಳಿಸಲಿಲ್ಲ. ಅಷ್ಟರಲ್ಲಿ ಗುಸುಗುಸು ಹಬ್ಬಿ, ಈಗ ಬರುತ್ತಿರುವುದು ಎರಡೇ ಮಕ್ಕಳು. ಬರೆದ ಸುಳ್ಳನ್ನು ನಿಜ ಮಾಡಲು ವಾರಗಿತ್ತಿ ಹಾಲಿಗೆ ಏನಾದರೂ ಹಾಕಿಬಿಟ್ಟರೆ ಏನು ಗತಿ ಎಂದು ನನಗೆ ಹೆದರಿಕೆ. ಅಡುಗೆಮನೆಗೆ ಬೀಗ ಹಾಕಿಕೊಂಡು ಕೂರುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಹಾಲನ್ನು ಮೊದಲು ನಾನೇ ಕುಡಿದು ನೋಡಿ ಕೊಟ್ಟೆ. ಎರಡರಲ್ಲಿ ಚಿಕ್ಕದು ಕುಡಿದ ಕೂಡಲೇ ನಿದ್ದೆ ಹೋಯಿತು. ಅಯ್ಯೋ, ಹಾಲಿಗೆ ಏನೋ ಬಿದ್ದಿದೆ ಎಂದುಕೊಂಡೆ. ಅಲ್ಲಾಡಿಸಿ ಎಬ್ಬಿಸಿದೆ. ಕಿಟಾರನೆ ಕಿರುಚಿ ಅತ್ತಿತು. ಆಮೇಲೆ ಸಂಜೆಯವರೆಗೂ ಎರಡನ್ನೂ ಮಲಗಲು ಬಿಡಲಿಲ್ಲ. ಕರೆದೊಯ್ಯಲು ಬಂದ ಚಿಕ್ಕದರ ತಾಯಿ, ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ಮಗುವನ್ನು ಎತ್ತಿಕೊಂಡು, ಇವತ್ತು ಮಲಗಲಿಲ್ಲವೇ ಎಂದು ಕೇಳಿದರು. ಒಂದು ನಿಮಿಷವೂ ಇಲ್ಲ ಎಂದೆ. ಅವರ ಮುಖದಲ್ಲಿ ಸಮಾಧಾನ ಕಂಡಿತು.

ನಾನು ಹೇಳಿದ್ದನ್ನು ಬರೆದುಕೊಂಡು ನನಗೆ ಓದಿ ಹೇಳಿದ್ದಾರೆ. ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12, ಶುಕ್ರವಾರ
ಹೇಳಿಕೆ ಕೊಟ್ಟವರ ಸಹಿ