ಹರಾಜಿಗೆ ಬಂದ ಬ್ಯಾಗು

...ಕಾಫಿಯೆಲ್ಲ ಬೇಡ ಪೂರ್ಣೇಶ, ಕೂತ್ಕೋ ನೀನು. ಹೊಸನಗರದಿಂದ ಸಾಗರದ ತನಕ ಸ್ಕೂಟರ್ ಓಡಿಸಿಕೊಂಡು ಬಂದಿದ್ದು ನಿನ್ನ ಕಾಫಿ ಕುಡಿಯೋಕಲ್ಲ. ಎಂತ ಹೇಳ್ತಾ ಇದ್ದೆ? ಹಾಂ, ನಿನ್ನ ಅಂಗಡಿ. ಇದು ಅಂಗಡಿಯಲ್ಲ ಮಾರಾಯ, ಸುಳ್ಳಿನ ಗೋಡೌನು. ಆ ಅಂಗಿ ನೋಡು. ಜೇಬಿನ ಮೇಲೆ ಕುದುರೆ ಇದೆ, ಸವಾರನೂ ಇದ್ದಾನೆ, ಅವನ ಕೈಯಲ್ಲಿ ಇರಬೇಕಾದ ಪೋಲೋ ಆಡುವ ಕೋಲೇ ಇಲ್ಲ. ಬರಿಗೈಯಲ್ಲಿ ಎಲ್ಲಿಗೆ ಹೊರಟಿದ್ದಾನೆ, ಸಾಗರದ ಸಂತೆಗಾ?

ನಗು, ನಗು. ನಾನು ಪಾಠ ಮಾಡುವಾಗಲೂ ಕೊನೇ ಬೆಂಚಿನಲ್ಲಿ ಕೂತು ಹೀಗೇ ನಗ್ತಿದ್ದೆ. ಆಗ ಪಕ್ಕದವನ ಉತ್ತರ ಕಾಪಿ ಹೊಡೀತಿದ್ದೆ, ಈಗ ಫಸ್ಟ್ ಕಾಪಿ ಮಾರ್ತೀಯ. ಅಸಲಿ ಹಾಗೇ ಕಾಣೋ ನಕಲಿಗೆ ಫಸ್ಟ್ ಕಾಪಿ ಅಂತ ಹೆಸರಂತೆ! ಕಳ್ಳತನದಲ್ಲೂ ಫಸ್ಟ್ ಕ್ಲಾಸು ಬೇರೆ. ಬೋನಿಫಾಸ್ ಮೇಷ್ಟ್ರ ಶಿಷ್ಯ ಅಂತ ಮಾತ್ರ ಯಾರ ಹತ್ತಿರವೂ ಹೇಳಬೇಡ, ದಮ್ಮಯ್ಯ.

ಆದರೂ ನಿನ್ನನ್ನು ಬೈದು ಏನು ಪ್ರಯೋಜನ? ಬುದ್ಧಿ ಇಲ್ಲದ್ದು ನಮ್ಮವರಿಗೆ. ಭಾನುವಾರ ನಮ್ಮ ಚರ್ಚಿಗೆ ಬಂದು ನೋಡು. ಹಾಡುವ ಹುಡುಗಿಯರ ಕೈಗಡಿಯಾರ, ಗಂಡಸರ ಬೆಲ್ಟು, ಕಪ್ಪು ಕನ್ನಡಕ, ಎಲ್ಲ ನಿನ್ನ ಮಾಲು. ಮೊಣಕಾಲೂರಿದಾಗ ಹಿಂದಿನವರಿಗೆ ಬೂಟಿನ ಅಡಿ ಕಾಣುತ್ತಲ್ಲ, ಅದು ಕಿತ್ತು ಬಾಯಿ ಬಿಟ್ಕೊಂಡಿರುತ್ತೆ, ತಾನೂ ಪ್ರಾರ್ಥನೆ ಹೇಳ್ತಿರೋ ಹಾಗೆ. ಥೂ!

ಹೋದ ತಿಂಗಳು ಪಾದ್ರಿಗಳು, ಮೇಷ್ಟ್ರೇ, ಈ ವಿಷಯ ನೀವೇ ನಾಲ್ಕು ಮಾತಾಡಿ ಅಂದ್ರು. ಬಿಟ್ಟೆನಾ? ದೇವರ ಹತ್ತು ಕಟ್ಟಳೆಯಲ್ಲಿ ಏಳನೆಯದು ಕದಿಯಬೇಡ ಅನ್ನುತ್ತೆ, ಎಂಟನೆಯದು ಸುಳ್ಳುಸಾಕ್ಷಿ ಹೇಳಬೇಡ ಅನ್ನುತ್ತೆ, ಒಂದು ಖೋಟಾ ಬ್ಯಾಗು ಹೆಗಲಿಗೆ ಹಾಕಿಕೊಂಡರೆ ಎರಡನ್ನೂ ಒಟ್ಟಿಗೆ ಮುರಿದ ಹಾಗೆ ಅಂದೆ. ಒಬ್ಬಾಕೆ ಎದ್ದು, ಆ ಕಂಪನಿಯವರು ಕೋಟ್ಯಧಿಪತಿಗಳಲ್ವಾ ಸರ್, ಅವರಿಗೇನು ನಷ್ಟ ಅಂತ ಕೇಳಿದಳು. ದೊಡ್ಡ ತೋಟದವರ ಅಡಿಕೆ ಗೊನೆ ಕೊಯ್ದುಕೊಂಡು ಹೋಗಿಯೂ ಹಾಗೇ ಕೇಳ್ತೀಯೇನಮ್ಮ ಅಂದೆ. ಕೂತಳು. ಮಾರಿದವನಿಗಿಂತ ಕೊಂಡವನು ದೊಡ್ಡ ಕಳ್ಳ, ಮಾರಿದವನಿಗೆ ಹೊಟ್ಟೆಪಾಡಾದರೂ ಇದೆ, ಕೊಂಡವನಿಗೆ ಇರೋದು ಬರೀ ಜಂಬ ಅಂತ ಮುಗಿಸಿದೆ. ಚಪ್ಪಾಳೆಯೋ ಚಪ್ಪಾಳೆ. ನನ್ನ ಹೆಂಡತಿ ಸೆರಾಫಿನ್ ಅಂತೂ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಆಯ್ತು ಆಯ್ತು, ಗಡಿಯಾರ ನೋಡಬೇಡ, ವಿಷಯಕ್ಕೆ ಬಂದೆ. ಬರೋ ಭಾನುವಾರ ನಮ್ಮ ತೆನೆ ಹಬ್ಬ. ಹೊಸ ಭತ್ತದ ತೆನೆ ಹರಸಿ ಮನೆಮನೆಗೆ ಕೊಡ್ತಾರೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹರಾಜು. ಮನೆಯಲ್ಲಿ ಒಳ್ಳೆಯದು ಯಾವುದಿದೆಯೋ ಅದನ್ನು ದೇವರಿಗೆ ತಂದುಕೊಡಬೇಕು, ಬಾಳೆಗೊನೆಯೋ, ಹಾಗಲಕಾಯಿಯೋ, ಹುಂಜವೋ. ಅದನ್ನು ಕೂಗಿ ಮಾರಿ, ಬಂದದ್ದನ್ನು ಬಡವರಿಗೆ ಕೊಡೋದು. ಜಾತಿಗೀತಿ ಇಲ್ಲ, ಊರೆಲ್ಲ ಬರುತ್ತೆ. ನೀನೂ ಒಂದು ವರ್ಷ ಹುಂಜ ಕೊಂಡು ಹೋಗಿದ್ದೆಯಲ್ಲ. ಹರಾಜು ಕೂಗೋದು ಯಾವಾಗಲೂ ನಾನೇ.

ಈ ಸಲ ಬಾಳೆಗೊನೆಗಳ ನಡುವೆ ಒಂದು ಬ್ಯಾಗು ಬಂದು ಕೂತಿದೆ. ಹೆಂಗಸರದು, ಕಂದು ಬಣ್ಣ, ಚಿನ್ನದ ಬಣ್ಣದ ಕೊಂಡಿ, ಇಟಲಿಯ ಹೆಸರು. ಯಾರು ಕೊಟ್ಟರು ಅನ್ನೋದು ನಿನಗೆ ಬೇಡ. ನಿನ್ನ ಅಂಗಡಿಯ ಮಾಲು, ಅಷ್ಟು ಸಾಕು. ಪಾದ್ರಿಗಳು ಪಾಪ, ಅಸಲಿ ಅಂತಲೇ ನಂಬಿದ್ದಾರೆ, ಕೊನೆಯಲ್ಲಿ ಕೂಗಿ, ಒಳ್ಳೇ ಬೆಲೆ ಬರುತ್ತೆ ಅಂದ್ರು. ನಮ್ಮೂರಿನ ಡಾಕ್ಟರಮ್ಮ ಆಗಲೇ ಅದರ ಮೇಲೆ ಕಣ್ಣು ಹಾಕಿದ್ದಾಳೆ. ಅವಳು ಕೊಂಡುಹೋಗಿ, ನಾಳೆ ಯಾರೋ ತಿಳಿದವರು ಅದನ್ನು ನೋಡಿ ನಕ್ಕರೆ ಚರ್ಚಿನ ಮರ್ಯಾದೆ ಏನಾಗಬೇಕು?

ಅದಕ್ಕೇ ನೀನು ಬರಬೇಕು. ನಾನು ಕೂಗಿದ ಕೂಡಲೇ ಏರಿಸು. ಡಾಕ್ಟರಮ್ಮ ಎಷ್ಟಕ್ಕೆ ಹೋದರೂ ಅದರ ಮೇಲೆ ಹೋಗು. ನಿನ್ನ ಕಸ, ನೀನೇ ಗುಡಿಸು. ತಂದು ಒಲೆಗೆ ಹಾಕು.

ಈಗ ಯಾಕೆ ಅಂಗಿ ಮಡಚೋಕೆ ಹೊರಟೆ? ದುಡ್ಡಿನ ಚಿಂತೆ ಬೇಡ, ನಾನು ಕೊಡ್ತೀನಿ.

...ಎಂತ ಹಾಗೆ ನೋಡ್ತೀಯ? ಚರ್ಚಿನ ಮರ್ಯಾದೆ ಅಂದೆನಲ್ಲ. ಯಾರದ್ದೋ ಬ್ಯಾಗಿಗೆ ಇವರು ಯಾಕೆ ದುಡ್ಡು ಕೊಡಬೇಕು ಅಂತ ತಾನೆ? ನನ್ನ ಪಿಂಚಣಿ, ನನ್ನ ಇಷ್ಟ. ಮಾತಾಡು ಮಾರಾಯ, ಅಂಗಿ ಮಡಚೋದು ಆಮೇಲೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಒಳಗೊಳಗೇ...

ಅವತ್ತು ಆ ಬ್ಯಾಗು ಕೊಳ್ಳೋಕೆ ಬಂದಾಗ ಹೆಲ್ಮೆಟ್ ಹಾಕ್ಕೊಂಡಿದ್ದೆ ನಾನು. ಮೈತುಂಬ ರೇನ್‌ಕೋಟು. ಒಂದು ಮಾತಾಡಿರಲಿಲ್ಲ, ಬೆರಳು ತೋರಿಸಿದ್ದೆ ಅಷ್ಟೆ. ಆದರೂ ಗುರುತು ಹಿಡಿದೆಯಾ? ಹಿಡಿದೂ, ಇಷ್ಟು ಹೊತ್ತು ನಾನು ಬೈಯುವಾಗ ಸುಮ್ಮನೆ ಕೂತಿದ್ದೆಯಾ?

ನಗುವುದಾದರೆ ಈಗ ನಗು.

ತೀರ್ಥಹಳ್ಳಿಯಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದಾಳೆ. ಅವಳ ಹತ್ತಿರ ಅಂಥದ್ದೊಂದು ಬ್ಯಾಗಿದೆ, ಅಸಲಿಯದು. ಒಂದು ಸಲ ಅಲ್ಲಿಗೆ ಹೋದಾಗ ಸೆರಾಫಿನ್ ಅದನ್ನು ಬೆರಳಿನಲ್ಲಿ ಸವರಿ ನೋಡಿದಳು. ಬೇಕು ಅನ್ನಲಿಲ್ಲ, ಅವಳು ಯಾವತ್ತೂ ಅಂದವಳಲ್ಲ. ನಮ್ಮ ಮದುವೆಗೆ ನಲವತ್ತು ವರ್ಷ ತುಂಬಿದಾಗ ಇದನ್ನು ತಂದು, ಬೆಂಗಳೂರಿನ ದೊಡ್ಡ ಅಂಗಡಿಯದು ಅಂದೆ. ಒಂದು ದಿನವೂ ಹೆಗಲಿಗೆ ಹಾಕಲಿಲ್ಲ ಮಾರಾಯ. ಮದುವೆ ಸೀರೆಯಲ್ಲಿ ಸುತ್ತಿಟ್ಟಳು. ಮೊನ್ನೆ ನನಗೊಂದು ಮಾತೂ ಹೇಳದೆ ಹೋಗಿ ಪಾದ್ರಿಗಳ ಕೈಗೆ ಕೊಟ್ಟು ಬಂದಿದ್ದಾಳೆ. ಯಾಕೆ ಕೊಟ್ಟೆ ಅಂತ ರೇಗಿದೆ. ಏನಂದಳು ಗೊತ್ತಾ? "ಈ ವರ್ಷ ಹಿತ್ತಿಲಲ್ಲಿ ಎಂತದೂ ಸರಿಯಾಗಿ ಬರಲಿಲ್ಲ ನೋಡಿ. ಮನೆಯಲ್ಲಿ ಇರೋದರಲ್ಲಿ ಒಳ್ಳೆಯದು ಇದೇ ಅಲ್ವಾ?"

ಹೂಂ ಅನ್ನು ಪೂರ್ಣೇಶ. ಬರ್ತೀನಿ ಅನ್ನು.

...ಅಲ್ಲ, ನೀನು ಬಂದರೂ ಮೊದಲು ನಾನು ಅದನ್ನು ಎತ್ತಿ ಹಿಡೀಬೇಕಲ್ಲ. ಅವಳು ಎದುರಿಗೇ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ. ಹುಂಜ ಎತ್ತಿದರೆ ಹುಂಜ ಅಂತ ಕೂಗ್ತೀನಿ. ಇದನ್ನ ಏನಂತ ಕೂಗ್ಲಿ?