ಚಿಂದಿ ಉಟ್ಟ ಮುದುಕಿ

ಕಾಣೆಯಾದ ಮಗಳು ಜೋಹರಾಳನ್ನು ಹುಡುಕುತ್ತ ಇಳಕಲ್ಲಿನಿಂದ ಬಂದಿದ್ದ ಮಕ್ತುಮಬಿ ಬಾದಾಮಿ ಸ್ಟೇಶನ್ನಿನ ಕಂಬಕ್ಕೊರಗಿ ಕೂತಿದ್ದಳು. ಪಕ್ಕದ ಬೆಂಚಿನ ಮೇಲೆ ಫೌಜದಾರನೂ ಅವನ ಕಾರಕೂನನೂ, ಹಳಿಯ ಬದಿಗೆ ಸಿಕ್ಕ ಹೆಣದ ವರದಿಯನ್ನು ದೊಡ್ಡ ಸಾಹೇಬನಿಗಾಗಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು.

“ವಯಸ್ಸು ಇಪ್ಪತ್ತರೊಳಗ ಇರಬೇಕ್ರಿ. ‘ಯಂಗ್’ ಅಂತ ಬರೀಲೇನ್ರಿ?” ಎಂದ ಕಾರಕೂನ.

“ಹರೇದಾಕಿ ಅಂದ್ರ ಸಾಹೇಬ ನೂರು ಪ್ರಶ್ನಿ ಕೇಳ್ತಾನ. ‘ಓಲ್ಡ್ ವುಮನ್’ ಅಂತ ಬರಿ. ಮುದುಕಿ ಸತ್ರ ಯಾರೂ ಕೇಳೂದಿಲ್ಲ.”

“ಸೀರಿ ಹೊಸಾದೈತ್ರಿ, ಇಳಕಲ್ಲಿಂದು. ಕೆಂಪು ಸೆರಗು ಕೂಡಿಸಿದಲ್ಲಿ ಒಂದ ಎಳಿ ಹಸರ ಐತಿ.”

“ಅದಕ್ಕೆಲ್ಲಾ ಇಂಗ್ಲಿಷ್ ಎಲ್ಲಿಂದ ತರ್ಲಿ? ‘ರ್‍ಯಾಗ್ಸ್’ ಅಂತ ಬರಿ. ಚಿಂದಿ ಅಂತ ಅರ್ಥ. ಮುದುಕಿಗೆ ಒಪ್ತೈತಿ.”

ಮಗಳ ಸೀರೆಯ ಮೈಗೆ ಸೆರಗು ಕೂಡಿಸುವ ಕೊಂಡಿ ಹಾಕುವಾಗ ಕೆಂಪು ನೂಲು ಒಂದೆಳೆ ಸಾಲದೆ ಹಸಿರು ಸೇರಿಸಿದವಳು ಮಕ್ತುಮಬಿಯೇ. ಎದ್ದು ಹೋಗಿ ಕೈಜೋಡಿಸಿದಳು.

“ಅಕಿ ನನ್ನ ಮಗಳ್ರಿ. ಆ ಹಸರ ಎಳಿ ನಂದ್ರಿ. ಮಣ್ಣು ಮಾಡ್ತೇನಿ, ಕೊಡ್ರಿ.”

“ನಿನ್ನ ಮಗಳ ವಯಸ್ಸೆಷ್ಟು?”

“ಹತ್ತೊಂಬತ್ರಿ.”

ಫೌಜದಾರ ಕಾಗದ ತೆಗೆದುಕೊಂಡು ಮಸಿ ಆರುವಂತೆ ಊದಿದ.

“ಇಲ್ಲಿ ಚಿಂದಿ ಉಟ್ಟ ಮುದುಕಿ ಅಂತೈತಿ. ಅಳ್ತಿ ಯಾಕ? ಸತ್ತಾಕಿ ನಿನ್ನ ಮಗಳಲ್ಲ ಅಂತ ಖುಷಿಪಡು.”

ಇಬ್ಬರೂ ಟಾಂಗಾ ಹತ್ತಿದರು.